ತವರಿನ ಮರದ ತೆಪ್ಪ

ಕೊಲ್ಲಿಯ ದಂಡೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ತೆಪ್ಪದಕ್ಕ. ಮದುವೆಯಾಗಿ ಬಂದ ಹೊಸತರಲ್ಲಿ ಯಾರಾದರೂ ಹಾಗೆ ಕರೆದಿದ್ದರೆ ಅವಳೇ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು. ಗುಡ್ಡದ ಕಡೆಯ ಹುಡುಗಿ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಸಮುದ್ರವನ್ನು ನೋಡುವುದಿದ್ದರೆ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಸಾಕು ಎಂದುಕೊಂಡು ಬಂದವಳು.

ಗಂಡನ ಮನೆಯಲ್ಲಿ ಮಾತ್ರ ಎತ್ತ ತಿರುಗಿದರೂ ಸಮುದ್ರವೇ. ಜಗುಲಿಯ ಗೂಟಗಳಲ್ಲಿ ಹಗ್ಗದ ಸುರುಳಿಗಳು, ಹಿತ್ತಿಲಲ್ಲಿ ತುಕ್ಕು ಹಿಡಿದ ಲಂಗರು, ಒಗೆದ ಬಟ್ಟೆಯಲ್ಲೂ ಉಪ್ಪಿನ ವಾಸನೆ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿದ್ದವರು ಮಾವ ಮತ್ತು ಗಂಡ. ಇಬ್ಬರೂ ಕಪ್ಪೆಚಿಪ್ಪು ಸಾಕುವವರು. ಕೊಲ್ಲಿಯ ನಡುವೆ ಲಂಗರು ಹಾಕಿ ನಿಲ್ಲಿಸಿದ ದೊಡ್ಡ ತೆಪ್ಪ ಅವರದು. ಪೀಪಾಯಿಗಳ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮರದ ತೊಲೆಗಳು; ತೊಲೆಗಳಿಂದ ನೀರಿಗೆ ಇಳಿಬಿಟ್ಟ ಹಗ್ಗಗಳು; ಹಗ್ಗದ ತುಂಬ ಒಂದನ್ನೊಂದು ಅಪ್ಪಿಕೊಂಡ ಕಪ್ಪು ಚಿಪ್ಪುಗಳು.

"ಇವುಕ್ಕೆ ಏನು ತಿನ್ನೋಕೆ ಹಾಕ್ತೀರ?" ಎಂದು ಅವಳು ಗಂಡನನ್ನು ಕೇಳಿದ್ದಳು.

"ಏನೂ ಇಲ್ಲ ಕಣೇ. ನೀರಲ್ಲಿ ಬಂದಿದ್ದನ್ನ ಸೋಸಿ ತಿಂದ್ಕೊಂಡು ಇರ್ತವೆ. ಬಿಟ್ಟಿ ಊಟದ ನೆಂಟ್ರು."

ಗಂಡ ಒಮ್ಮೆ ದೋಣಿಯಿಂದ ಜಾರಿ ಬಿದ್ದು ಭುಜ ಮುರಿದುಕೊಂಡ. ಮೂಳೆ ಕೂಡಿತು, ಭಾರ ಎತ್ತುವ ಬಲ ಮಾತ್ರ ಮೊದಲಿನಂತೆ ಬರಲಿಲ್ಲ. ನೀರಿನಿಂದ ಹಗ್ಗ ಎಳೆಯಲು ಇನ್ನೊಬ್ಬರು ಬೇಕಿತ್ತು, ಮನೆಯಲ್ಲಿ ಇದ್ದವಳು ಅವಳೊಬ್ಬಳೇ. ಮೊದಲ ದಿನ ತೊಲೆಯ ಮೇಲೆ ನಿಲ್ಲಲಾಗದೆ ಅಂಬೆಗಾಲಿಕ್ಕಿದಳು. ಮಾವ ಅಕ್ಕಪಕ್ಕದ ತೆಪ್ಪದವರಿಗೆಲ್ಲ ಕೇಳುವಂತೆ, "ಮಗು ನಡೆಯೋದು ಕಲೀತಿದೆ, ಯಾರೂ ನಗಬೇಡ್ರಪ್ಪಾ!" ಎಂದು ಕೂಗಿ ತಾವೇ ಮೊದಲು ನಕ್ಕರು. ಅವಳಿಗೆ ಅಳು ಬಂತು, ಹಿಂದೆಯೇ ರೋಷವೂ ಬಂತು. ಆ ರೋಷ ಒಳ್ಳೆಯದನ್ನೇ ಮಾಡಿತು. ವರ್ಷ ಕಳೆಯುವುದರೊಳಗೆ ತೊಲೆಯಿಂದ ತೊಲೆಗೆ ಬೆಕ್ಕಿನಂತೆ ದಾಟುತ್ತಿದ್ದಳು. ತೆಪ್ಪದಕ್ಕ ಎಂದು ಮೊದಲು ಕರೆದವರು ಯಾರೋ ನೆನಪಿಲ್ಲ, ಹೆಸರು ಅಂಟಿಕೊಂಡಿತು.

ಆ ತೆಪ್ಪಕ್ಕೂ ವಯಸ್ಸಾಗುತ್ತಿತ್ತು. ಅದರ ತೊಲೆಗಳು ಹಿಂದೆ ಕಾಡಿನಿಂದ ಕಡಿದು ತಂದವು, ಒಬ್ಬರ ತೋಳಿಗೆ ಸಿಗದಷ್ಟು ದಪ್ಪ. ಅಂಥ ಮರ ಈಗ ಕಾಡಿನಲ್ಲೇ ಅಪರೂಪ, ಇದ್ದರೂ ಕಡಿಯುವಂತಿಲ್ಲ. ಪೀಪಾಯಿಗಳು ಒಂದೊಂದಾಗಿ ಸೋರಿ ತೆಪ್ಪ ತಗ್ಗಿತ್ತು. ತೊಲೆಗಳು ನೀರು ಮುಟ್ಟಿದ್ದೇ ತಡ, ಮರ ಕೊರೆಯುವ ಕಡಲಹುಳು ಒಳಗೆ ಸೇರಿಕೊಂಡಿತ್ತು. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು. ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು.

"ಮಾವ, ಈ ತೆಪ್ಪ ಇನ್ನೊಂದು ಮಳೆಗಾಲ ತಡೆಯಲ್ಲ," ಎಂದಳು ಒಂದು ದಿನ.

"ನನ್ನಪ್ಪನ ಕೈಯಲ್ಲಿ ಆಗಿದ್ದು ಕಣಮ್ಮ ಇದು. ನೀನು ಹುಟ್ಟೋಕೆ ಮುಂಚೆ ಎಂಥೆಂಥ ಗಾಳಿ ನೋಡಿದೆ ಗೊತ್ತಾ?"

"ಅದಕ್ಕೇ ಮಾವ ಹೇಳ್ತಿರೋದು. ಪಾಪ, ಅದಕ್ಕೂ ಸುಸ್ತಾಗಿದೆ."

ಹೊಸ ತೆಪ್ಪಕ್ಕೆ ಏನು ಬಳಸುವುದು ಎಂಬ ಮಾತು ಬಂದಾಗ ದಂಡೆಯವರೆಲ್ಲ ಒಂದೊಂದು ಹೇಳಿದರು. ಕಬ್ಬಿಣ ಹಾಕಿದವರ ತೆಪ್ಪ ಅಲೆಗೆ ಬಗ್ಗದೆ ಬೆಸುಗೆಯಲ್ಲೇ ಬಿಟ್ಟುಕೊಂಡಿತ್ತು. ಪ್ಲಾಸ್ಟಿಕ್ ಕೊಳವೆ ಹಾಕಿದವರದ್ದು ಬಿಸಿಲಿಗೆ ಪುಡಿಯಾಗಿ, ಆ ಚೂರು ದಂಡೆಯ ತುಂಬ ಹರಡಿತ್ತು. ಹುಳು ಬಾರದಂತೆ ವಿಷದ ಎಣ್ಣೆ ಕುಡಿಸಿದ ಮರ ಸಿಗುತ್ತಿತ್ತು. ಆದರೆ ನೀರನ್ನೇ ಸೋಸಿ ಬದುಕುವ ಜೀವಿಯ ನೆತ್ತಿಯ ಮೇಲೆ ವಿಷ ಇಡುವುದು ಹೇಗೆ? ಚಿಪ್ಪು ಸಾಕುವವರ ಸಂಘದವರೂ ಅದನ್ನು ಬೇಡವೆಂದಿದ್ದರು.

ಆಗ ಅವಳಿಗೆ ತವರಿನಲ್ಲಿ ಅಣ್ಣ ನೋಡಿಕೊಳ್ಳುತ್ತಿದ್ದ ತೋಪು ನೆನಪಾಯಿತು. ಅಪ್ಪ ಇದ್ದಾಗ ಮಣ್ಣು ಕೊಚ್ಚಿಹೋಗಿ ಏನೂ ಬೆಳೆಯದ ಇಳಿಜಾರಿನಲ್ಲಿ ನೀಲಗಿರಿ ನೆಟ್ಟಿದ್ದರು. ಆ ಮರಕ್ಕೆ ಬಾಯಾರಿಕೆ ಹೆಚ್ಚೆಂದು ಹಳ್ಳದ ಅಂಚನ್ನು ಮಾತ್ರ ಮುಟ್ಟಿರಲಿಲ್ಲ; ಅಲ್ಲಿ ಕಾಡುಗಿಡಗಳು ತಾವಾಗಿ ಬೆಳೆದುಕೊಂಡಿದ್ದವು. ಕಡಿದರೆ ಬುಡದಿಂದ ಮತ್ತೆ ಚಿಗುರುವ ಮರ. ಅಪ್ಪನ ಕಾಲದಲ್ಲಿ ಕಡಿದ ಕಡೆ ಅಣ್ಣನ ಕಾಲಕ್ಕೆ ಮತ್ತೆ ತೋಪು ಎದ್ದಿತ್ತು.

ಅವಳು ವಿಷಯ ಎತ್ತಿದಾಗ ಊಟದ ತಟ್ಟೆಯ ಮುಂದಿದ್ದ ಮಾವ ಕೈ ಕೊಡವಿಕೊಂಡರು.

"ನೆಟ್ಟ ಮರಾನ ಮರ ಅಂತಾರಾ? ಅದು ಬೆಳೆ."

"ಹೂಂ ಮಾವ, ಬೆಳೆನೇ. ನಾವು ನೀರಲ್ಲಿ ತೆಗೆಯೋದೂ ಬೆಳೆನೇ ಅಲ್ವಾ? ಕಾಡಿಗೆ ಹೋಗಿ ಕದ್ದು ಕಡಿಯೋದು ತಪ್ಪುತ್ತಲ್ಲ."

"ಬಾಯಿ ಚೆನ್ನಾಗಿದೆ. ತೆಪ್ಪ ಬಾಯಲ್ಲಿ ತೇಲಲ್ಲಮ್ಮ. ನಿನ್ನ ತವರಿನ ಸೌದೆ ನಂಬಿ ನಾನಂತೂ ಕಾಲಿಡಲ್ಲ."

ಅಂದಿನಿಂದ ಹೊಸ ತೆಪ್ಪಕ್ಕೆ 'ತವರಿನ ಸೌದೆ' ಎಂದೇ ಹೆಸರಾಯಿತು. ಗಂಡ ಅಪ್ಪನಿಗೂ ಹೆಂಡತಿಗೂ ನಡುವೆ ಸಿಕ್ಕಿ, ಒಬ್ಬರ ಎದುರು ತಲೆ ಅಲ್ಲಾಡಿಸಿ ಇನ್ನೊಬ್ಬರ ಎದುರು ತಲೆ ಕೆರೆದುಕೊಂಡ. ಆದರೆ ಅವಳ ಅಣ್ಣನಿಗೆ ಫೋನ್ ಮಾಡಿ, "ನೆಟ್ಟಗಿರೋ ಮರಾನೇ ಆರಿಸಿ ಕಳಿಸಿ" ಎಂದವನು ಅವನೇ.

ತೊಲೆಗಳು ಬಂದವು. ತೊಗಟೆ ಸುಲಿದು ನೆರಳಿನಲ್ಲಿ ಒಟ್ಟಿದ್ದೇ ತಡ ಒಣಗುತ್ತ ಒಣಗುತ್ತ ತುದಿಗಳಲ್ಲಿ ಸೀಳು ಬಿಡತೊಡಗಿದವು. ನೀಲಗಿರಿಯ ಗುಣವೇ ಅದು. ಅಣ್ಣ ಬಂದು ತುದಿಗಳಿಗೆ ಮೇಣ ಬಳಿದ, ಕಬ್ಬಿಣದ ಪಟ್ಟಿ ಬಿಗಿದ, ತೀರ ಸೀಳಿದ್ದನ್ನು ಪಕ್ಕಕ್ಕಿಟ್ಟ. "ಇಷ್ಟಕ್ಕೆಲ್ಲ ಹೆದರ್ಬೇಡ," ಎಂದು ಹೇಳಿ ಹೋದ. ಅವಳು ಹೆದರಿದಳು. ದಂಡೆಯ ಶೆಡ್ಡಿನಲ್ಲಿ ಮರಿಚಿಪ್ಪುಗಳನ್ನು ಹಗ್ಗಕ್ಕೆ ಸುತ್ತುವಾಗಲೂ ಕಣ್ಣು ಆ ಸೀಳುಗಳ ಕಡೆಗೇ. ಬೈಸಿಕೊಂಡರೆ ತಾನೊಬ್ಬಳೇ ಅಲ್ಲ, ಅಣ್ಣನೂ ತೀರಿಹೋದ ಅಪ್ಪನೂ ಬೈಸಿಕೊಳ್ಳಬೇಕಲ್ಲ ಎಂಬ ಸಂಕಟ.

ಹೊಸ ತೆಪ್ಪವನ್ನು ಹಳೆಯದರ ಪಕ್ಕದಲ್ಲೇ ನಿಲ್ಲಿಸಿದರು. ಮಾವ ಹೇಳಿದ ಮಾತಿನಂತೆ ಅದಕ್ಕೆ ಕಾಲಿಡಲಿಲ್ಲ. ತಮ್ಮ ಪಾಲಿನ ಹಗ್ಗಗಳನ್ನು ಹಳೆಯ ತೆಪ್ಪದಲ್ಲೇ ಉಳಿಸಿಕೊಂಡು, ಬೆಳಿಗ್ಗೆ ಪುಟ್ಟ ದೋಣಿಯಲ್ಲಿ ಹೋಗಿ ಅಲ್ಲಿ ಕೂತು ಬರುತ್ತಿದ್ದರು. ಸೊಸೆ ಒಂದು ತೆಪ್ಪದಲ್ಲಿ, ಮಾವ ಇನ್ನೊಂದರಲ್ಲಿ. ಕೂಗಿದರೆ ಕೇಳುವಷ್ಟು ದೂರ. ಇಬ್ಬರೂ ಕೂಗುತ್ತಿರಲಿಲ್ಲ.

ಆ ದಿನ ಗಂಡ ಸರಕು ತೆಗೆದುಕೊಂಡು ಪೇಟೆಗೆ ಹೋಗಿದ್ದ. ಅವಳು ದಂಡೆಯ ಶೆಡ್ಡಿನಲ್ಲಿದ್ದಳು. ಮಧ್ಯಾಹ್ನದ ಹೊತ್ತಿಗೆ ಬೆಳಕು ಒಮ್ಮೆಲೇ ಮಂಕಾಯಿತು. ಬಾಗಿಲಿಗೆ ಬಂದು ನೋಡಿದರೆ ಕೊಲ್ಲಿಯ ಬಾಯಿಯಲ್ಲಿ ಮೋಡ ಗೋಡೆಯಂತೆ ನಿಂತಿದೆ. ಹವಾಮಾನದ ಮುನ್ಸೂಚನೆಯಲ್ಲಿ ಸಂಜೆಗೆ ಬರುವುದೆಂದಿದ್ದ ಗಾಳಿ ಅವಸರದಲ್ಲಿ ಬಂದಿತ್ತು. ಮಾವ ಇನ್ನೂ ಮರಳಿರಲಿಲ್ಲ.

ಅವಳು ಎರಡೂ ಕೈ ಬಾಯಿಗಿಟ್ಟು ಕೂಗಿದಳು. ಅಷ್ಟರಲ್ಲಿ ಮಳೆ ಪರದೆಯಂತೆ ಇಳಿದು ಕೊಲ್ಲಿಯೇ ಕಾಣದಾಯಿತು. ಪಕ್ಕದ ಮನೆಯ ಬೋಟಿನವನ ಬಾಗಿಲಿಗೆ ಓಡಿದಳು. ಅವನು ಆಗಲೇ ಹೊರಗೆ ನಿಂತಿದ್ದ.

"ಬೋಟ್ ತೆಗಿಯಪ್ಪಾ, ಮಾವ ಅಲ್ಲಿದಾರೆ!"

"ಅಕ್ಕಾ, ಈಗ ಹೋದ್ರೆ ನಮ್ಮನ್ನ ಹುಡುಕೋಕೆ ಇನ್ನೊಬ್ರು ಬರ್ಬೇಕಾಗುತ್ತೆ. ಗಾಳಿ ಒಂಚೂರು ತಗ್ಗಲಿ. ಇಂಜಿನ್ ಬಿಸಿ ಮಾಡಿ ಇಟ್ಟಿರ್ತೀನಿ."

ಅವನ ಮಾತು ಸರಿಯಾಗಿತ್ತು. ಸರಿಯಾದ ಮಾತು ಅಷ್ಟು ಕಹಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಶೆಡ್ಡಿನ ತಗಡು ಬಡಿದುಕೊಳ್ಳುತ್ತಿತ್ತು. ಒದ್ದೆ ಸೆರಗನ್ನು ಹಿಂಡುತ್ತ, ಮತ್ತೆ ಒದ್ದೆ ಮಾಡಿಕೊಳ್ಳುತ್ತ ನಿಂತಳು. ಮಾವನ ಜೊತೆ ಅಂದು ಬೆಳಿಗ್ಗೆ ಆಡಿದ್ದು ಒಂದೇ ಮಾತು, ಅದೂ ಟೀಗೆ ಸಕ್ಕರೆ ಕಮ್ಮಿಯಾಯಿತೆಂಬ ಜಗಳ. ಮಳೆಯ ನಡುವೆ ಎಲ್ಲೋ ದೂರದಲ್ಲಿ ಮರ ಮುರಿದ ಸದ್ದು ಕೇಳಿತು. ಯಾವ ಮರ? ಅವಳು ಕಣ್ಣು ಮುಚ್ಚಿಕೊಂಡಳು.

ಗಾಳಿ ಇಳಿದ ತಕ್ಷಣ ಬೋಟು ಹೊರಟಿತು. ನೀರಿನ ಮೇಲೆ ಮೊದಲು ಕಂಡದ್ದು ಒಂದು ಪೀಪಾಯಿ. ಆಮೇಲೆ ಕಪ್ಪು ತೊಲೆಯ ತುಂಡು, ಮುರಿದ ಬಾಯಿಯಲ್ಲಿ ಜೇನುಗೂಡಿನಂಥ ತೂತುಗಳು. ಹಳೆಯ ತೆಪ್ಪ ಇದ್ದ ಜಾಗದಲ್ಲಿ ಬರೀ ನೊರೆ. ಮಾವನ ಪುಟ್ಟ ದೋಣಿ ತಲೆಕೆಳಗಾಗಿ ತೇಲುತ್ತಿತ್ತು. ಬೋಟಿನವನು ವೇಗ ತಗ್ಗಿಸಿದ. ಅವಳು ಅಂಚಿಗೆ ಬಾಗಿ ನೊರೆಯಲ್ಲೆಲ್ಲ ಕಣ್ಣಾಡಿಸಿದಳು.

"ಅಕ್ಕಾ, ಅಲ್ನೋಡಿ! ಅಲ್ಲಿ!"

ಹೊಸ ತೆಪ್ಪ ಅಲೆಯ ಜೊತೆ ಏರುತ್ತ ಇಳಿಯುತ್ತ ಇದ್ದಲ್ಲೇ ಇತ್ತು. ಅದರ ನಡುತೊಲೆಗೆ ಏನೋ ಕಟ್ಟಿಹಾಕಿದಂತಿತ್ತು. ಆ ಗಂಟು ಕೈ ಎತ್ತಿತು. ಮಾವ! ಚಿಪ್ಪಿನ ಹಗ್ಗದಿಂದ ಸೊಂಟವನ್ನು ತೊಲೆಗೆ ಬಿಗಿದುಕೊಂಡು, ಅದನ್ನು ತಬ್ಬಿಕೊಂಡು ಕೂತಿದ್ದರು.

ಅವಳು ಬೋಟು ತಾಗುವ ಮೊದಲೇ ತೆಪ್ಪಕ್ಕೆ ಹಾರಿದಳು. ನೆನೆದು ಬಿಗಿದ ಹಗ್ಗದ ಗಂಟನ್ನು ಎಳೆದೆಳೆದು ಬಿಚ್ಚಿದಳು. ಮಾವನ ಹಲ್ಲು ಕಟಕಟ ಎನ್ನುತ್ತಿತ್ತು, ಅಂಗೈ ಸುಲಿದುಹೋಗಿತ್ತು. ಅವಳ ಮುಖ ನೋಡಿ ಅವರು ಹೇಳಿದ್ದು:

"ಏನಮ್ಮಾ, ನಿನ್ನ ತವರುಮನೆಗೆ ಬಂದು ಇಷ್ಟೊತ್ತಾಯ್ತು. ಒಂದು ಲೋಟ ಟೀ ಕೊಡೋರೂ ಇಲ್ವಲ್ಲ!"

ಅವಳು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ಮಾವನ ಒದ್ದೆ ತಲೆಯನ್ನು ಮಗುವಿನ ತಲೆಯಂತೆ ಎದೆಗೊತ್ತಿಕೊಂಡು, "ಕೊಡ್ತೀನಿ ಮಾವ, ಸಕ್ಕರೆ ಸುರಿದು ಕೊಡ್ತೀನಿ," ಎಂದಳು. ಬೋಟಿನವನು ಮುಖ ತಿರುಗಿಸಿ ಇಂಜಿನ್ ನೋಡುವವನಂತೆ ನಟಿಸಿದ.

ನಡೆದದ್ದನ್ನು ಮಾವ ಆಸ್ಪತ್ರೆಯ ಹಾಸಿಗೆಯಲ್ಲಿ, ಬಂದವರಿಗೆಲ್ಲ ಮತ್ತೆ ಮತ್ತೆ ಹೇಳಿದರು. ಹಳೆಯ ತೆಪ್ಪದ ನಡುತೊಲೆ ಮುರಿದಾಗ ಅವರು ನಿಂತಿದ್ದ ಭಾಗವನ್ನು ಗಾಳಿಯೇ ತಳ್ಳಿಕೊಂಡು ಬಂದು ಹೊಸದಕ್ಕೆ ಬಡಿದಿತ್ತು. "ಕಾಲಿಡಲ್ಲ ಅಂದಿದ್ದೆ. ಮಾತು ಉಳಿಸ್ಕೊಂಡಿದೀನಿ ನೋಡಿ, ಕಾಲಿಡಲಿಲ್ಲ. ಹೊಟ್ಟೆ ಮೇಲೆ ತೆವಳ್ಕೊಂಡು ಹೋದೆ!" ಎಂದು ನಕ್ಕರೆ ಪಕ್ಕೆ ನೋಯುತ್ತಿತ್ತು. ಆಮೇಲೆ ದನಿ ತಗ್ಗಿಸಿ ಸೊಸೆಗೆ ಮಾತ್ರ ಹೇಳಿದರು: "ಅದು ಅಲೆ ಬಂದ ಹಾಗೆ ಬಗ್ತಿತ್ತು ಕಣಮ್ಮ. ಈಗ ಮುರಿಯುತ್ತೆ, ಈಗ ಮುರಿಯುತ್ತೆ ಅಂತ ನಾನು ಕಾಯ್ತಿದ್ದೆ. ಬಗ್ಗಿ ಮತ್ತೆ ನೆಟ್ಟಗಾಗ್ತಿತ್ತು."

ಡಾಕ್ಟರು ಎದೆಯ ಸದ್ದು ಕೇಳಿ, ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಮೂಳೆಗೇನೂ ಆಗಿಲ್ಲ, ಬರೀ ಪೆಟ್ಟು ಮತ್ತು ಚಳಿ, ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಪೇಟೆಯಿಂದ ಓಡಿಬಂದ ಗಂಡ ಬಾಗಿಲಲ್ಲೇ ಅಪ್ಪನನ್ನು ಬಾಯಿಗೆ ಬಂದಂತೆ ಬೈದ. ಬೈಯುತ್ತ ಬೈಯುತ್ತ ಅವರ ಕಾಲ ಬಳಿ ಕುಸಿದು ಕೂತು ಬಿಕ್ಕಿದ. ಅಷ್ಟರಲ್ಲಿ ಅವಳಿಗೆ ಅಣ್ಣನ ಫೋನು ಬಂತು.

"ಮರ ಹೇಗಿದೆ?"

"ಮೊದಲು ಮಾವ ಹೇಗಿದಾರೆ ಅಂತ ಕೇಳೋ!"

"ಮರ ಚೆನ್ನಾಗಿದ್ರೆ ತಾನೇ ಅವರು ಚೆನ್ನಾಗಿರೋದು? ಅದಕ್ಕೇ ಕೇಳ್ದೆ."

ಸಮುದ್ರ ಶಾಂತವಾದ ಮೇಲೆ ಅವಳು ಗಂಡನೊಡನೆ ಹೋಗಿ ತೆಪ್ಪದ ಒಂದೊಂದು ತೊಲೆಯನ್ನೂ ತಡವಿ ನೋಡಿದಳು. ಒಂದರಲ್ಲಿ ಸೀಳು ಸ್ವಲ್ಪ ಮುಂದಕ್ಕೆ ಓಡಿತ್ತು. ಕಬ್ಬಿಣದ ಪಟ್ಟಿಯ ಹತ್ತಿರ ಬಂದು ಅಲ್ಲೇ ನಿಂತಿತ್ತು. ಬೋಲ್ಟುಗಳನ್ನು ಬಿಗಿದರಾಯಿತು, ಬೇರೇನೂ ಇಲ್ಲ. ಹಗ್ಗವೊಂದನ್ನು ಎಳೆದು ನೋಡಿದರೆ ಚಿಪ್ಪುಗಳು ಏನೂ ನಡೆದೇ ಇಲ್ಲವೆಂಬಂತೆ ಬಾಯಿ ಬಿಗಿದು ಕೂತಿದ್ದವು. ಮನೆಗೆ ಬಂದು ಚಾಪೆಯ ಮೇಲೆ ಒರಗಿದವಳಿಗೆ ಎಂಥ ನಿದ್ದೆ ಹತ್ತಿತೆಂದರೆ, ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ಜಗುಲಿಗೆ ಹೋದರೂ ಎಚ್ಚರವಾಗಲಿಲ್ಲ. ಗಂಡನೇ ಪಾತ್ರೆ ಉಜ್ಜಿಟ್ಟ.

ಪಕ್ಕೆಯ ನೋವು ಪೂರ್ತಿ ಹೋದ ಮೇಲೆ ಮಾವ ತಾವಾಗಿಯೇ, "ಆ ಮರ ಬೆಳೆಯೋ ಜಾಗ ಒಂದ್ಸಲ ನೋಡ್ಬೇಕಲ್ಲ," ಎಂದರು. ಇನ್ನೊಂದು ತೆಪ್ಪಕ್ಕೆ ಮರ ಆರಿಸುವುದೂ ಇತ್ತು. ಮೂವರೂ ವ್ಯಾನಿನಲ್ಲಿ ಗುಡ್ಡಕ್ಕೆ ಹೋದರು. ಮಾವ ಇಳಿಜಾರಿನಲ್ಲಿ ಏದುಸಿರು ಬಿಡುತ್ತ ನಡೆದರು. ಹಳೆಯ ಬುಡಗಳಿಂದ ಎದ್ದ ಚಿಗುರುಗಳನ್ನು ಕೋಲಿನಿಂದ ಮುಟ್ಟಿ ನೋಡಿದರು. ಅಣ್ಣನಿಗೆ, "ಈ ಸಾಲು ಬೇಡ, ಸೊಟ್ಟಗಿದೆ. ಅದು ನೋಡು, ಅದು," ಎಂದು ಅಪ್ಪಣೆ ಕೊಟ್ಟರು. ಮರದ ವಿಷಯ ಅಣ್ಣನಿಗೆ ಗೊತ್ತಿಲ್ಲದ್ದೇನಿಲ್ಲ. ಆದರೂ ಆಗಲಿ ಎಂಬಂತೆ ತಲೆ ಅಲ್ಲಾಡಿಸಿದ.

ಸ್ವಲ್ಪ ಹೊತ್ತಾದ ಮೇಲೆ ಮಾವನ ದನಿ ಕೇಳಲಿಲ್ಲ. ಅವಳು ಗಾಬರಿಯಿಂದ ತಿರುಗಿ ನೋಡಿದಳು. ಹಳ್ಳದ ಅಂಚಿನ ನೆರಳಿನಲ್ಲಿ, ಉದುರಿದ ಎಲೆಗಳ ಮೇಲೆ ಕಾಲು ಚಾಚಿ, ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ಮಾವ ಮಲಗಿದ್ದರು. ಟವೆಲ್ಲು ಉಸಿರಿಗೆ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು.

ಅಣ್ಣ ಗರಗಸದ ಯಂತ್ರಕ್ಕೆ ಕೈ ಹಾಕಿದ್ದ. ಅವಳು ಅವನ ತೋಳು ಹಿಡಿದಳು.

"ಇರೋ ಅಣ್ಣ, ಎದ್ಮೇಲೆ ಶುರು ಮಾಡು. ಮರ ಎಲ್ಲೂ ಓಡಿಹೋಗಲ್ಲ."