ಫಾದರ್ ಬಗ್ಗೆ ನಾನು ಹೇಳದೆ ಬಿಟ್ಟದ್ದು

ಫಾದರ್ ಸಿಪ್ರಿಯನ್, ನಿಮ್ಮ ಹೆಸರು ಕೆಡಿಸಿದವಳು ನಾನು. ಐರಿನ್ — ನಿಮ್ಮ ಹೊಲಿಗೆ ಶಾಲೆಯ ಐರಿನ್. ಯಾರೋ ಪಾಪ ತಿಳಿಯದೆ ಏನೋ ಅಂದಿರಬೇಕು ಎಂದು ನೀವು ಇಂದಿಗೂ ಹೇಳುತ್ತೀರಂತೆ. ತಿಳಿಯದೆ ಅಲ್ಲ, ಫಾದರ್. ಚೆನ್ನಾಗಿ ತಿಳಿದೇ ಮಾಡಿದೆ. ಮಾಡಿ ಖುಷಿಯನ್ನೂ ಪಟ್ಟೆ.

2014ರ ಒಂದು ಮಂಗಳವಾರ, ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿರುವ ನನ್ನ ಆಫೀಸಿಗೆ ಮೆಲ್ಬರ್ನ್‌ನಿಂದ ಫೋನ್ ಬಂತು. ಅಲ್ಲಿನ ವೆರಿಬೀ ಕಡೆಯ ಒಂದು ಚರ್ಚಿನವರು ಊರಿನಿಂದ ನಿಮ್ಮನ್ನು ಕರೆಸಿಕೊಳ್ಳಲು ಹೊರಟಿದ್ದರು. ಶಾಲೆ ಬಿಟ್ಟು ಅಲೆಯುತ್ತಿದ್ದ ಬಡವರ ಮನೆಯ ಹುಡುಗ ಹುಡುಗಿಯರಿಗೆ — ಹೆಚ್ಚಿನವರು ಯುದ್ಧದ ದೇಶಗಳಿಂದ ಓಡಿ ಬಂದವರ ಮಕ್ಕಳು — ನೀವು ಕಸುಬು ಕಲಿಸಬೇಕು ಎಂಬುದು ಅವರ ಯೋಚನೆ. ನಿಮ್ಮನ್ನು ಬಲ್ಲವರು ಯಾರು ಎಂದು ಕೇಳಿದ್ದಕ್ಕೆ ನೀವು ಕೊಟ್ಟಿದ್ದು ನನ್ನ ಹೆಸರು. ಆಸ್ಟ್ರೇಲಿಯಾದಲ್ಲಿ ದೊಡ್ಡ ಹುದ್ದೆಯಲ್ಲಿರುವ ನನ್ನ ವಿದ್ಯಾರ್ಥಿನಿ ಎಂದು ಬರೆದಿದ್ದಿರಂತೆ.

ನಾನು ಎಚ್‌ಆರ್‌ನವಳು. ಹೀಗೆ ಫೋನ್ ಮಾಡಿ ಕೆಲಸಕ್ಕೆ ಅರ್ಜಿ ಹಾಕಿದವರ ಬಗ್ಗೆ ವಿಚಾರಿಸುವುದೇ ನನ್ನ ಹೊಟ್ಟೆಪಾಡು. ಆ ಕಡೆಯವರು ಯಾವ ಪ್ರಶ್ನೆಗೆ ತಡವರಿಸಿದರು ಎಂದು ಗುರುತು ಹಾಕಿಕೊಳ್ಳುತ್ತೇನೆ. ಗುರುತು ಬಿದ್ದ ಅರ್ಜಿ ಮತ್ತೆ ಮೇಲೇಳುವುದಿಲ್ಲ. ಆಗಂತೂ ಇಲ್ಲಿನ ಟಿವಿ, ಪೇಪರು ತುಂಬ ಮಕ್ಕಳ ಮೈಮೇಲೆ ಕೈಹಾಕಿದ ಪಾದ್ರಿಗಳ ಮೇಲಿನ ವಿಚಾರಣೆಯದೇ ಸುದ್ದಿ. ಇದೆಲ್ಲ ನನಗೆ ಗೊತ್ತಿತ್ತು — ಗೊತ್ತಿತ್ತು ಎಂದು ಮತ್ತೊಮ್ಮೆ ಬರೆಯುತ್ತೇನೆ.

ಮೆಲ್ಬರ್ನ್‌ನ ಆ ಹೆಂಗಸು ಕೊನೆಯ ಪ್ರಶ್ನೆ ಕೇಳಿದಳು: ಚಿಕ್ಕವರ ಜೊತೆ ಇವರನ್ನು ಬಿಡುವುದಕ್ಕೆ ನಿಮಗೇನಾದರೂ ಅಳುಕಿದೆಯೇ?

ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಿಮ್ಮ ಬಗ್ಗೆ ಅದಕ್ಕಿಂತ ದೊಡ್ಡ ಸತ್ಯ ಇನ್ನೊಂದಿಲ್ಲ. ನಾನು ಬೇಕೆಂದೇ ಸುಮ್ಮನಾದೆ. ಆಮೇಲೆ, "ಆ ಪ್ರಶ್ನೆಗೆ ನಾನು ಉತ್ತರ ಕೊಡದಿರುವುದೇ ಒಳ್ಳೆಯದು" ಅಂದೆ.

ಅವಳ ದನಿಯೇ ಬದಲಾಯಿತು. "ನೀವು ಹುಷಾರಾಗಿದ್ದೀರಾ, ಯಾರ ಜೊತೆಗಾದರೂ ಮಾತಾಡಬೇಕು ಅನಿಸುತ್ತದೆಯೇ" ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಪಾಪ, ನಿಮ್ಮಿಂದ ನನಗೇ ಏನೋ ಆಗಿದೆ ಎಂದುಕೊಂಡು ಕನಿಕರ ಪಟ್ಟಳು. ನಾನು ಆ ಕನಿಕರವನ್ನೂ ತೆಗೆದುಕೊಂಡೆ. ಫೋನ್ ಇಟ್ಟಾಗ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಯಾಕೆ ಎಂದು ನಿಮಗೆ ಹೊಳೆಯಲಿಕ್ಕಿಲ್ಲ. ನೀವು ಮರೆತಿರುತ್ತೀರಿ, ಅದೇ ನನಗೆ ಇನ್ನೂ ಉರಿಯುವುದು.

ನಿಮ್ಮ ಶಾಲೆಯಲ್ಲಿದ್ದಾಗ ನನಗೆ ಹದಿನೇಳು. ನನ್ನ ಗೆಳತಿ ಲಿಲ್ಲಿಗೆ ಎಂಥ ರವಿಕೆಯಾದರೂ ಹೊಲಿಯುವ ಕೈ; ಆದರೆ ಬರೆಯಲು ಬಾರದು. ಹೊಲಿಗೆ ಪರೀಕ್ಷೆಯಲ್ಲಿ ಅವಳ ಉತ್ತರಗಳನ್ನೂ ನಾನೇ ಬರೆದೆ. ಅಕ್ಷರ ನೋಡಿ ನೀವು ಹಿಡಿದಿರಿ. ಲಿಲ್ಲಿಗೆ ಬಾಯಲ್ಲೇ ಪ್ರಶ್ನೆ ಕೇಳಿ ಪಾಸು ಮಾಡಿದಿರಿ. ನನ್ನ ಕಾಲೇಜಿನ ಅರ್ಜಿಗೆ ನಡತೆ ಪತ್ರ ಕೊಡಲಿಲ್ಲ.

"ಗೊತ್ತಿಲ್ಲದವಳ ತಪ್ಪು ಬೇರೆ, ಗೊತ್ತಿದ್ದು ಮಾಡಿದವಳ ತಪ್ಪು ಬೇರೆ. ಈ ವರ್ಷ ನಾನು ಸಹಿ ಹಾಕುವುದಿಲ್ಲ ಮಗಾ" ಅಂದಿರಿ. ಎಲ್ಲ ಹುಡುಗಿಯರ ಎದುರು.

ಅಮ್ಮ ಮೂರು ಸಲ ನಿಮ್ಮ ಬಾಗಿಲಲ್ಲಿ ಬಂದು ನಿಂತಳು. ಮೂರು ಸಲವೂ ಕೂರಿಸಿ ಕಾಫಿ ಕೊಟ್ಟು ಕಳಿಸಿದಿರಿ. ಆ ಕಾಫಿಗೆ ಬೆಂಕಿ ಬೀಳ! ಒಂದು ವರ್ಷ ನಾನು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಒಡೆದೆ. ಬೀಜದ ಎಣ್ಣೆ ತಾಗಿ ಬೆರಳುಗಳು ಕಪ್ಪಾಗಿ ಸುಲಿದವು. ಚರ್ಚಿನ ಪೂಜೆಯಲ್ಲಿ ಪರಮಪ್ರಸಾದಕ್ಕೆ ಕೈ ಚಾಚಲು ನಾಚಿಕೆಯಾಗಿ ನಾನು ಬಾಯಿಗೇ ತೆಗೆದುಕೊಳ್ಳುತ್ತಿದ್ದೆ.

ವರ್ಷ ಕಳೆದ ಮೇಲೆ ನೀವೇ ಕಾರ್ಖಾನೆಯ ಗೇಟಿಗೆ ಬಂದಿರಿ — ಅರ್ಜಿಯೂ ತಂದಿದ್ದಿರಿ, ಸಹಿ ಹಾಕಿದ ನಡತೆ ಪತ್ರವೂ. ನಾನು ಓದಿದ್ದು, ಈ ದೇಶಕ್ಕೆ ಬಂದದ್ದು, ಇಲ್ಲೇ ನೆಲೆಸಲು ಸಿಕ್ಕ ಪಿಆರ್, ಮನೆ — ಎಲ್ಲ ಆ ಗೇಟಿನಿಂದ ಶುರುವಾದದ್ದು. ಅದನ್ನು ನಾನು ಒಂದು ದಿನವೂ ನೆನೆಯಲಿಲ್ಲ. ಕಾರ್ಖಾನೆಯನ್ನು ಮಾತ್ರ ದಿನಾ ನೆನೆದೆ.

ಮೆಲ್ಬರ್ನ್‌ನವರು ನಿಮ್ಮನ್ನು ಬೇಡವೆಂದರು. ಕಾರಣ ಹೇಳಲಿಲ್ಲ. ಆಗ ನೀವು ನನಗೆ ಫೋನ್ ಮಾಡಿದಿರಿ. "ಎಂತ ಐರಿನ್, ಅವರು ನಿನಗೆ ಫೋನ್ ಮಾಡಿದ್ದರಾ?"

"ಇಲ್ಲ ಫಾದರ್" ಅಂದೆ.

"ಹಾಗಾದರೆ ಅದೇ ಆದದ್ದು ನೋಡು. ನಿನ್ನ ಹತ್ತಿರ ಕೇಳಿದ್ದರೆ ಸರಿ ಇರ್ತಿತ್ತು."

ಆಮೇಲೆ ಮೆಲ್ಬರ್ನ್‌ನಿಂದ ಊರಿನ ಬಿಷಪ್ಪರಿಗೆ ಪತ್ರ ಹೋಯಿತಂತೆ, ವಿಚಾರಣೆ ನಡೆಯಿತಂತೆ, ಅಷ್ಟು ದಿನ ಶಾಲೆಯಿಂದ ದೂರ ಇರಿ ಎಂದರಂತೆ. ಏನೂ ಸಿಗಲಿಲ್ಲ. ಆದರೂ ನಿಮ್ಮನ್ನು ಮತ್ತೆ ಶಾಲೆಗೆ ಕಳಿಸಲಿಲ್ಲ.

ಇದನ್ನು ನನಗೆ ಹೇಳಿದ್ದು ಲಿಲ್ಲಿ. ಅವಳೀಗ ವೆರಿಬೀಯಲ್ಲೇ ಇದ್ದಾಳೆ, ಮದುವಣಗಿತ್ತಿಯರ ಗೌನ್ ಹೊಲಿಯುತ್ತಾಳೆ. ನಿಮ್ಮನ್ನು ಕರೆಸೋಣ ಎಂದು ಚರ್ಚಿನಲ್ಲಿ ಮೊದಲು ಹೇಳಿದವಳೇ ಅವಳು — ನನಗದು ಗೊತ್ತಿರಲಿಲ್ಲ. ಕಳೆದ ಈಸ್ಟರ್‌ಗೆ ಅವಳ ಮನೆಗೆ ಹೋಗಿದ್ದೆ. ಇಡ್ಲಿಯಂಥ ಸನ್ನ ಬಡಿಸುತ್ತಾ, "ಯಾರೋ ಎಂತದೋ ಹೇಳಿದ್ದಾರೆ ಮಾರಾಯ್ತಿ. ಅವರ ನಾಲಿಗೆಗೆ ಹುಳ ಬೀಳ!" ಅಂದಳು. ನಾನು ತಲೆ ತಗ್ಗಿಸಿ ತಿನ್ನುತ್ತಾ ಹೋದೆ.

"ಊರಿಗೆ ಹೋದಾಗ ನೋಡ್ಲಿಕ್ಕೆ ಹೋಗಿದ್ದೆ" ಅಂದಳು ಲಿಲ್ಲಿ. "ಮುದಿ ಪಾದ್ರಿಗಳ ಮನೆಯಲ್ಲಿ ಇಟ್ಟಿದ್ದಾರೆ. ನನ್ನ ಮಗಳನ್ನೂ ಕರ್ಕೊಂಡು ಹೋಗಿದ್ದೆ. ಜಗಲಿಯಲ್ಲಿ ಕೂತಿದ್ರು. ಅವಳನ್ನು ಕಂಡದ್ದೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ್ರು. ಮಕ್ಕಳು ಬಂದರೆ ಹಾಗೆಯೇ ಅಂತೆ. ನಾನು ಹೊರಗೇ ನಿಂತು ಮಾತಾಡಿಸಿ ಬಂದೆ."

ನಾನು ಬಯಸಿದ್ದು ನಿಮಗೂ ಒಂದು ವರ್ಷ ನೋಯಲಿ ಎಂದು. ಇದನ್ನಲ್ಲ — ಎಂದು ಬರೆಯಹೊರಟು ನಿಲ್ಲಿಸಿದೆ. ಆ ಮಂಗಳವಾರ ನಿಮಗೆ ಎಂಥ ಕೇಡಾಗುತ್ತದೆ ಎಂದಿದ್ದರೂ ಬೇಡ ಅನ್ನುತ್ತಿರಲಿಲ್ಲ.

ಮೆಲ್ಬರ್ನ್‌ನವರಿಗೆ, ಬಿಷಪ್ಪರಿಗೆ ಬರೆದಿದ್ದೇನೆ. ನಾನು ಯಾರು, ಅಂದು ಏನು ಹೇಳಿದೆ, ಅದು ಹೇಗೆ ಸುಳ್ಳು — ಎಲ್ಲ, ಸಹಿಯೊಂದಿಗೆ. ಇದು ನನ್ನ ಆಫೀಸಿಗೆ ತಿಳಿದರೆ ಎಚ್‌ಆರ್‌ನಲ್ಲಿ ಮತ್ತೆ ಯಾರೂ ನನ್ನನ್ನು ಸೇರಿಸುವುದಿಲ್ಲ. ತಿಳಿಯಲಿ. ಶನಿವಾರ ಲಿಲ್ಲಿಯ ಮನೆಗೆ ಹೋಗಿ ಅವಳ ಮುಖ ನೋಡಿಕೊಂಡೇ ಹೇಳುತ್ತೇನೆ.

ಆ ಒಂದು ವರ್ಷಕ್ಕೆ ನಿಮ್ಮ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ಫಾದರ್. ಇಲ್ಲವೆಂದರೆ ಅದೂ ಸುಳ್ಳಾಗುತ್ತದೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಇನ್ನೊಂದು ಸಲ ಯಾವುದಾದರೂ ಮಗು ಜಗಲಿಗೆ ಬಂದರೆ ಏಳಬೇಡಿ. ಕೂತೇ ಇರಿ. ನಿಮ್ಮಿಂದ ಯಾರಿಗೂ ಯಾವ ಅಪಾಯವೂ ಇರಲಿಲ್ಲ.