ಸುಮಂಗಲಾಳ ಬಲಗಣ್ಣಿನಲ್ಲಿ ನಿಂತವನು

ಫೋಟೋದಲ್ಲಿ ದೆವ್ವ ಬಿದ್ದಿದೆ ಎಂದು ಯಾರಾದರೂ ಓಡಿಬಂದರೆ ಅವರ ಉತ್ಸಾಹಕ್ಕೆ ತಣ್ಣೀರು ಎರಚುವುದರಲ್ಲಿ ನನಗೆ ಬಹಳ ಸುಖವಿತ್ತು. ಒಮ್ಮೆ ನಮ್ಮ ಬ್ಯಾಂಕಿನ ಸಹೋದ್ಯೋಗಿಯೊಬ್ಬ ಮನೆಮಂದಿಯನ್ನೆಲ್ಲ ಕರೆದುಕೊಂಡು ಗೋರಿಗಳಿಗೆ ಹೆಸರಾದ ಖುಲ್ತಾಬಾದ್‌ಗೆ ಹೋಗಿಬಂದು, ಗುಂಪಿನ ಫೋಟೋದಲ್ಲಿ ಯಾರಿಗೂ ಸೇರದ ಕೈಯೊಂದು ಕಾಣುತ್ತಿದೆ ಎಂದು ಮೊಬೈಲು ಹಿಡಿದು ನಡುಗುತ್ತ ನಿಂತಿದ್ದ. ಶಟರ್ ನಿಧಾನವಾಗಿದೆ, ಫೋಟೋ ತೆಗೆಯುವಾಗ ನಿನ್ನ ಮಗ ಓಡಿದ್ದಾನೆ, ಕೈ ಮಾತ್ರ ಉಳಿದುಕೊಂಡಿದೆ ಎಂದು ಒಂದೇ ನಿಮಿಷದಲ್ಲಿ ಬಿಡಿಸಿ ಹೇಳಿದೆ. ಪಾಪ, ಅವನ ಮುಖ ಸಪ್ಪಗಾಯಿತು. ಎದುರಿಗೆ ಇಲ್ಲದ್ದನ್ನು ಕ್ಯಾಮೆರಾ ಕಾಣುವುದಿಲ್ಲ ಎಂಬುದು ಆಗ ನನ್ನ ಖಚಿತ ನಂಬಿಕೆ. ಇಂಥ ನಾನು ಈಗ ಹೇಳಹೊರಟಿರುವುದನ್ನು ಓದಿ ನೀವು ನಗಬಹುದು. ನಗಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಎರಡು ವರ್ಷದ ಹಿಂದಿನ ಮಾತು. ನಾವು ಗದಗದ ಕಡೆಯವರು, ಬ್ಯಾಂಕಿನ ನೌಕರಿಯಿಂದಾಗಿ ನಾಸಿಕಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಆ ವರ್ಷ ನನಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಮಗಳು ಅನಘಾ ಹತ್ತನೆಯ ತರಗತಿ. ಅವಳ ಶಾಲೆ ಬಿಡಿಸುವಂತಿರಲಿಲ್ಲವಾದ್ದರಿಂದ ಹೆಂಡತಿ ಸುಮಂಗಲಾ ಮತ್ತು ಅವಳು ನಾಸಿಕದ ಇಂದಿರಾನಗರದ ಮನೆಯಲ್ಲೇ ಉಳಿದರು. ನಾನು ಎರಡನೆಯ, ನಾಲ್ಕನೆಯ ಶನಿವಾರ ಬಂದರೆ ಸಾಕೆಂದು ಕಾದು, ಯೇವಲೆ ಮಾರ್ಗದ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಮನೆಗೆ ಬರುತ್ತಿದ್ದೆ.

ನಾಸಿಕದ ಕನ್ನಡಿಗರಲ್ಲಿ ಫೋಟೋದ ಹುಚ್ಚು ಹಿಡಿದ ಹತ್ತು ಹದಿನೈದು ಜನರಿದ್ದೆವು. ಸದಾನಂದ ರಾಯರು ಎಂಬ ಕುಂದಾಪುರದ ಕಡೆಯವರ ಸಸ್ಯಾಹಾರಿ ಹೋಟೆಲಿನ ಮಹಡಿಯಲ್ಲಿ ತಿಂಗಳಿಗೊಮ್ಮೆ, ಭಾನುವಾರ ಬೆಳಗಿನ ತಿಂಡಿಯ ಗದ್ದಲ ಮುಗಿದ ಮೇಲೆ, ನಮ್ಮ ಬೈಠಕ್ಕು. ಅಲ್ಲೊಂದು ಪದ್ಧತಿಯಿತ್ತು. ಯಾರೋ ತೆಗೆದ ಒಂದು ಚಿತ್ರವನ್ನು ಹೆಸರಿಲ್ಲದೆ ಗೋಡೆಗೆ ನಿಲ್ಲಿಸುವುದು, ಇನ್ನೊಬ್ಬರು ಎದ್ದು ಅದನ್ನು ಓದುವುದು. ಮೊದಲು ಬೆಳಕು ಎಲ್ಲಿಂದ ಬಂತು, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಎಂದು ಹೇಳಬೇಕು, ಆಮೇಲೆ ಭಾವ. ಓದು ಮುಗಿಯುವ ತನಕ ಬೇರೆ ಯಾರೂ ಬಾಯಿ ತೆರೆಯಬಾರದು, ತೆಗೆದವರು ಕೊನೆಗೆ ಎದ್ದು ನಿಲ್ಲಬೇಕು. ಓದುವುದರಲ್ಲಿ ನಾನು ಹೆಸರುವಾಸಿ. ಮುಖದ ಚಿತ್ರವಾದರೆ ಕಣ್ಣಿನೊಳಗಿನ ಬಿಳಿ ಹೊಳಪನ್ನು ನೋಡಿ ಕಿಟಕಿ ಎಷ್ಟು ದೊಡ್ಡದು, ಪರದೆ ಇತ್ತೋ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತಿದ್ದೆ. ಆ ಹೊಗಳಿಕೆ ನನ್ನ ತಲೆಗೆ ಏರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನು ಊರಿಗೆ ಬಂದಿದ್ದ ಒಂದು ಭಾನುವಾರ, ಚಿತ್ರಕ್ಕೆ ಹೊದಿಸಿದ್ದ ಬಟ್ಟೆ ಸರಿಸಿದಾಗ ಗೋಡೆಗೆ ಒರಗಿ ನಿಂತದ್ದು ಸುಮಂಗಲಾಳ ಕಪ್ಪು ಬಿಳುಪು ಚಿತ್ರ.

ಅವಳ ಫೋಟೋ ತೆಗೆದಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ. ಬೆರಗಾಗಲಿ ಎಂದು ಎಲ್ಲರೂ ಸೇರಿ ಗುಟ್ಟು ಮಾಡಿದ್ದರಂತೆ. ಅವಳೂ ಹಿಂದಿನ ಸಾಲಿನಲ್ಲಿ ಕೂತು ನಗು ತಡೆದುಕೊಳ್ಳುತ್ತಿದ್ದಳು. ನಾನು ಎದ್ದು ಹೋಗಿ ಚಿತ್ರದ ಮುಂದೆ ನಿಂತೆ. ಬೆಳಕು ಚಿತ್ರದ ಎಡಗಡೆಯ ಒಂದೇ ಕಿಟಕಿಯಿಂದ ಬಂದಿತ್ತು. ಕಿಟಕಿಗೆ ದೂರದ ಕೆನ್ನೆಯನ್ನು ನೆರಳಿಗೆ ಬಿಟ್ಟಿದ್ದರು. ಕಣ್ಣುಗಳು ಮಾತ್ರ ಹರಿತ. ಕಿವಿಯ ಹತ್ತಿರ ಬರುವಷ್ಟರಲ್ಲಿ ಎಲ್ಲ ಮೆತ್ತಗೆ ಕರಗಿತ್ತು. ಮೂಗುಬೊಟ್ಟಿನ ಮೇಲೆ ಒಂದು ಚುಕ್ಕೆ ಹೊಳಪು. ತುಟಿ ಇನ್ನೇನು ಬಿರಿಯಬೇಕು, ಬಿರಿದಿಲ್ಲ.

ಆ ಮುಖ ನನಗೆ ಗೊತ್ತೇ ಇರಲಿಲ್ಲ.

ಹದಿನೇಳು ವರ್ಷದ ಸಂಸಾರದಲ್ಲಿ ಅವಳ ಚಿತ್ರಗಳನ್ನು ನಾನು ನೂರಾರು ತೆಗೆದಿದ್ದೇನೆ. ಪ್ರತಿಯೊಂದರಲ್ಲೂ ಅವಳು ಆಧಾರ್ ಕಾರ್ಡಿಗೆ ಕೂತವಳ ಹಾಗೆ ಬಿಗಿದುಕೊಂಡಿರುತ್ತಾಳೆ. ಇಲ್ಲಿ ಅವಳು ಯಾರನ್ನೋ ನೋಡುತ್ತಿದ್ದಳು. ಬಹಳ ದಿನ ಕಾದಿದ್ದವರು ಬಾಗಿಲಲ್ಲಿ ಬಂದು ನಿಂತಾಗ ನೋಡುವಂತೆ ನೋಡುತ್ತಿದ್ದಳು. ಲೆನ್ಸಿನ ಕಡೆಗೆ ಅವಳ ದೃಷ್ಟಿ ಇರಲಿಲ್ಲ. ಅದರ ಪಕ್ಕಕ್ಕೆ, ಚಿತ್ರದ ಬಲಗಡೆಗೆ, ಸ್ವಲ್ಪ ಮೇಲಕ್ಕೆ ಇತ್ತು. ಈ ನೋಟದ ಅರ್ಥ ಫೋಟೋ ತೆಗೆಯುವವರಿಗೆಲ್ಲ ಗೊತ್ತು. ತೆಗೆಯುವವನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ತಾನು ಪಕ್ಕದಲ್ಲಿ ನಿಂತು ಮಾತಾಡಿಸುತ್ತ, ಒಳ್ಳೆಯ ಗಳಿಗೆಯಲ್ಲಿ ಗುಂಡಿ ಒತ್ತುತ್ತಾನೆ. ಅಂದರೆ ಅವಳು ಹಾಗೆ ನೋಡಿದ್ದು ಆ ಮನುಷ್ಯನನ್ನು. ನನ್ನ ಮೈಯೆಲ್ಲ ಉರಿಯಿತು.

ಪದ್ಧತಿಯ ಪ್ರಕಾರ ಓದು ಮುಗಿಸಲೇಬೇಕಿತ್ತು. ನೆರಳು ಅತಿಯಾಗಿದೆ ಎಂದೆ. ಕುತ್ತಿಗೆಯ ಹತ್ತಿರ ವಿವರ ಸತ್ತುಹೋಗಿದೆ ಎಂದೆ. ಜನ ನಕ್ಕರು, ಹೆಂಡತಿಯನ್ನು ಕಾಡಿಸುತ್ತಿದ್ದಾನೆ ಎಂದುಕೊಂಡರು. ಆಮೇಲೆ ಭಾವ ಹೇಳುವ ಸರದಿ ಬಂತು. "ಭಾವ ಏನೂ ಇಲ್ಲ. ಸುಮ್ಮನೆ ಒಬ್ಬ ಹೆಂಗಸು ಕೂತಿದ್ದಾಳೆ, ಅಷ್ಟೇ" ಎಂದು ಹೇಳಿ ಬಂದು ಕೂತೆ. ಈ ಸಲ ಯಾರೂ ನಗಲಿಲ್ಲ. ಹಿಂದಿನ ಸಾಲಿನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಆಗ ಎದ್ದು ನಿಂತವರು ಸದಾನಂದ ರಾಯರು. ನನಗಿಂತ ಹತ್ತು ವರ್ಷ ದೊಡ್ಡವರು, ನನ್ನಿಂದಲೇ ಕ್ಯಾಮೆರಾ ಹಿಡಿಯಲು ಕಲಿತವರು. ಆ ಚಿತ್ರ ನನ್ನ ಎಲ್ಲ ಚಿತ್ರಗಳಿಗಿಂತಲೂ ಮೇಲಾಗಿತ್ತು. ಎರಡೆರಡು ಹೊಟ್ಟೆಕಿಚ್ಚು ಒಟ್ಟಿಗೆ ಬಂದರೆ ಮನುಷ್ಯನಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಜನ ಚದುರಿದ ಮೇಲೆ ಅವರನ್ನು ಮೂಲೆಗೆ ಕರೆದು, ಆಕೆಯೊಂದಿಗೆ ಏನು ಮಾತಾಡುತ್ತ ನಿಂತಿದ್ದಿರಿ ಎಂದು ಕೇಳಿದೆ.

"ನಿಂತದ್ದಾ? ನಾನೆಲ್ಲಿ ನಿಂತೆ ಮಾರಾಯ್ರೇ!" ಎಂದರು. "ಇದೇ ಮಹಡೀಲಿ ಸ್ಟೂಲ್ ಮೇಲೆ ಕೂತಿದ್ದೆ, ಕಣ್ಣು ಕ್ಯಾಮೆರಾದಲ್ಲೇ. ಹಳೇ ಲೆನ್ಸ್ ಅಲ್ವಾ, ಕಣ್ಣು ತೆಗೆದ್ರೆ ಫೋಕಸ್ ಹೋಗ್ತದೆ. ನನ್ನ ಹೆಂಡ್ತಿಯೂ ಇದ್ಲು, ಹಿಂದಿನ ಬಾಗಿಲ ಹತ್ರ ಕೂತು ಬೀನ್ಸ್ ಸೋಸ್ತಾ ಇದ್ಲು. ಬೇಕಾದ್ರೆ ಕೇಳಿ."

ಅವರ ಹೆಂಡತಿ ಕೂತಿದ್ದು ಸುಮಂಗಲಾಳ ಬೆನ್ನ ಹಿಂದೆ. ಹಾಗಾದರೆ ಸುಮಂಗಲಾ ನೋಡಿದ್ದು ಯಾರನ್ನು? ನೆರಳು ತಿದ್ದಿಕೊಡುತ್ತೇನೆ ಎಂದು ಸುಳ್ಳು ಹೇಳಿ ಆ ದಿನದ ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ.

ಮನೆಗೆ ಬಂದು ಊಟಕ್ಕೆ ಕೂತಾಗ ಸುಮಂಗಲಾ ತಲೆ ತಗ್ಗಿಸಿ ಬಡಿಸಿದಳು. ನಾನೇ ತಡೆಯಲಾರದೆ ಕೇಳಿದೆ, ಯಾರನ್ನು ನೋಡುತ್ತಿದ್ದೆ ಎಂದು.

"ನಾ ಯಾರನ್ನ ನೋಡ್ಲಿ? ಗ್ವಾಡಿ ಇತ್ತು, ಗ್ವಾಡಿ ನೋಡಾಕತ್ತಿದ್ದೆ."

"ಗ್ವಾಡಿ ನೋಡಾವ್ರ ಮಾರಿ ಹಂಗಿರ್ತೈತೇನು?"

ಅವಳು ಸಾರಿನ ಸೌಟು ಕೆಳಗಿಟ್ಟಳು. "ಮಂದಿ ಮುಂದ ಭಾವನ ಇಲ್ಲ ಅಂದ್ರಿ. ಈಗ ಭಾಳ ಐತಿ ಅಂತೀರಿ. ಯಾವುದರ ಒಂದು ಹೇಳ್ರಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಸೋತವಳ ಹಾಗೆ ಹೇಳಿದಳು.

ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ಸುಡುಬಿಸಿಲಿನ ಮಧ್ಯಾಹ್ನ, ಎರಡೂವರೆಯೋ ಏನೋ. ಒಟ್ಟು ಹನ್ನೆರಡು ಚಿತ್ರಗಳಿದ್ದವು. ಮೊದಲ ಹತ್ತರಲ್ಲಿ ನನಗೆ ಗೊತ್ತಿದ್ದ ಅದೇ ಬಿಗಿದ ಸುಮಂಗಲಾ, ನೇರ ಲೆನ್ಸಿಗೆ ನೋಡುತ್ತಾಳೆ. ಹನ್ನೊಂದನೆಯದು ಗೋಡೆಗೆ ನಿಲ್ಲಿಸಿದ್ದ ಚಿತ್ರ. ಹನ್ನೆರಡರಲ್ಲಿ ಮತ್ತೆ ಬಿಗಿದಿದ್ದಾಳೆ. ಹನ್ನೊಂದನೆಯದರಲ್ಲಿ ಕಿಟಕಿಯ ಕಡೆಗಿದ್ದ ಅವಳ ಬಲಗಣ್ಣನ್ನು ಹಿಗ್ಗಿಸುತ್ತ ಹೋದೆ. ಪರದೆಯ ತುಂಬ ಒಂದೇ ಕಣ್ಣು. ಅದರಲ್ಲಿ ಕಿಟಕಿಯ ಬಿಳಿ ಚೌಕ, ನಡುವೆ ಅಡ್ಡಪಟ್ಟಿ. ಕೆಳಗೆ ಕಪ್ಪಗೆ ಗುಡ್ಡೆಯಾಗಿ ರಾಯರು ಮತ್ತು ಅವರ ಕ್ಯಾಮೆರಾ. ಅವರು ನಿಜವನ್ನೇ ಹೇಳಿದ್ದರು. ಗುಡ್ಡೆಯ ಬಲಕ್ಕೆ ಇನ್ನೊಬ್ಬ ಮನುಷ್ಯ ನಿಂತಿದ್ದ.

ಸಿಕ್ಕಿಬಿದ್ದ ಎಂದುಕೊಂಡೆ. ಒಳಗೆ ಒಂದು ಬಗೆಯ ಗೆಲುವಿನ ಖುಷಿ. ಮುಖ ತಿಳಿಯುವಷ್ಟು ಸ್ಪಷ್ಟವಿರಲಿಲ್ಲ, ಆಕಾರ ಮಾತ್ರ ಸ್ಪಷ್ಟವಾಗಿತ್ತು. ಮುಂದಲೆ ಬೋಳು. ಒಂದು ಭುಜ ಇನ್ನೊಂದಕ್ಕಿಂತ ಕೆಳಗೆ. ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದುಕೊಂಡಿದ್ದ. ಹಾಗೆ ಮೊಣಕೈ ಹಿಡಿದು ನಿಲ್ಲುವವರು ಯಾರೆಂದು ಪರಿಚಯದವರನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ ನೋಡಿದೆ. ಆಗ ಹೊಳೆಯಿತು. ಕಣ್ಣಿನಲ್ಲಿ ಕಾಣುವುದು ಕನ್ನಡಿಯ ಬಿಂಬ, ತಿರುಗುಮುರುಗಾಗಿರುತ್ತದೆ. ಚಿತ್ರವನ್ನು ಮಗುಚಿದೆ. ಈಗ ಅವನು ಬಲಗೈಯಿಂದ ಎಡ ಮೊಣಕೈಯನ್ನು ಹಿಡಿದಿದ್ದ.

ಏಳನೆಯ ತರಗತಿಯಲ್ಲಿ ಬಿದ್ದು ಎಡಗೈ ಮುರಿದುಕೊಂಡಾಗಿನಿಂದ ನಾನು ನಿಲ್ಲುವುದೇ ಹಾಗೆ.

ಅಷ್ಟರಲ್ಲಿ ಚಾರ್ಜರ್ ಹುಡುಕುತ್ತ ಬಂದ ಅನಘಾ ಪರದೆಯನ್ನು ಬಗ್ಗಿ ನೋಡಿದಳು. ಅವಳಿಗೆ ಈ ಜಗಳದ ಸುಳಿವೇ ಇರಲಿಲ್ಲ. "ಬಾಬಾ, ಹೇ ತುಮ್ಹೀಚ್ ನಾ?" ಎಂದಳು ಮರಾಠಿಯಲ್ಲಿ, ಇದು ನೀವೇ ಅಲ್ಲವೇ ಎಂದು. ಉತ್ತರಕ್ಕೂ ಕಾಯದೆ ಚಾರ್ಜರ್ ಕಿತ್ತುಕೊಂಡು ಹೋದಳು.

ಚಿತ್ರ ತೆಗೆದ ಸಮಯ ಕಡತದಲ್ಲೇ ಇತ್ತು. ಬುಧವಾರ, ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ಆ ಬುಧವಾರ ನಾನು ಸಂಭಾಜಿನಗರದ ಹತ್ತಿರದ ಬಿಡಕಿನ್‌ನಲ್ಲಿದ್ದೆ. ಹೊಸ ಕಾರ್ಖಾನೆಯೊಂದಕ್ಕೆ ಬ್ಯಾಂಕಿನ ಪರವಾಗಿ ತಪಾಸಣೆಗೆ ಹೋಗಿದ್ದೆ. ತಪಾಸಣೆಗೆ ಹೋದ ಅಧಿಕಾರಿ ಅಲ್ಲಿ ನಿಂತು, ಜಾಗ ಮತ್ತು ಸಮಯ ತಾನಾಗಿ ಅಚ್ಚಾಗುವ ಫೋಟೋ ತೆಗೆಸಿಕೊಂಡು ವರದಿಗೆ ಲಗತ್ತಿಸಬೇಕೆಂಬುದು ನಮ್ಮಲ್ಲಿ ನಿಯಮ. ಮೊಬೈಲಿನಲ್ಲಿ ಹುಡುಕಿದೆ. ತಗಡಿನ ಶೆಡ್ಡಿನ ಮುಂದೆ ನಿಂತಿದ್ದೇನೆ. ಕೆಳಗೆ ಬಿಡಕಿನ್ ಎಂದು ಅಚ್ಚಾಗಿದೆ. ಸಮಯ ಮೂರು ಹನ್ನೊಂದು. ನಾಸಿಕಕ್ಕೆ ಅಲ್ಲಿಂದ ಬಸ್ಸಿನಲ್ಲಿ ಐದು ತಾಸಿನ ದಾರಿ.

ಆ ಹೊತ್ತಿನಲ್ಲಿ ನಾನೇನಾದರೂ ಮನೆಯನ್ನು ನೆನೆಸಿಕೊಂಡಿದ್ದೆನೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಇಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಮಾಲೀಕ ಚಹಾ ತರಿಸುತ್ತೇನೆ ಎಂದು ಹೇಳಿ ಮರೆತಿದ್ದ, ನಾನು ಆ ಚಹಾದ ಯೋಚನೆಯಲ್ಲಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಸುಮಂಗಲಾಳನ್ನು ಕರೆದು ತೋರಿಸಿದೆ. ಜಗಳ ಮರೆತು, ನೋಡು, ಇದು ನಾನೇ, ಅನಘಾ ಕೂಡ ಹೇಳಿದಳು ಎಂದೆ. ನೀನು ನೋಡಿದ್ದು ನನ್ನನ್ನೇ ಎಂದೆ. ನನ್ನ ದನಿಯಲ್ಲಿ ಭಯಕ್ಕಿಂತ ಸಮಾಧಾನವೇ ಹೆಚ್ಚಿತ್ತೆಂದು ಕಾಣುತ್ತದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಮುಖದ ಬಿಗಿತ ಸಡಿಲಾಗುತ್ತ ಬಂತು, ತುಟಿ ಇನ್ನೇನು ಬಿರಿಯಬೇಕು ಎನ್ನುವಂತಾಯಿತು. ಆಮೇಲೆ ನೆಟ್ಟಗಾಗಿ ನಿಂತು ನನ್ನನ್ನು ನೋಡಿದಳು, ಎಲ್ಲ ಮೊದಲಿನಂತಾಯಿತು.

"ಇವರು ನೀವಲ್ಲ ಬಿಡ್ರಿ" ಎಂದಳು.

"ಮತ್ತ ಯಾರು?"

"ಯಾರೋ. ನೀವು ಇಷ್ಟೊತ್ತು ನಿಂತು ನನ್ನ ಯಾವತ್ತ ನೋಡೀರಿ?"

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಶುರುವಾಯಿತು. ಇಷ್ಟೊತ್ತು ಎಂದರೆ ಎಷ್ಟು ಹೊತ್ತು? ಗೋಡೆ ನೋಡುತ್ತಿದ್ದೆ ಎಂದವಳಿಗೆ ಅವನು ಎಷ್ಟು ಹೊತ್ತು ನಿಂತಿದ್ದನೆಂದು ಹೇಗೆ ಗೊತ್ತು? ಹಿಂದೆ ಹೋಗಿ ಕೇಳಬೇಕಿತ್ತು. ಕೇಳಲಿಲ್ಲ.

ಕಾರಣ ಹುಡುಕುವುದನ್ನು ಮಾತ್ರ ನಾನು ಬಿಡಲಿಲ್ಲ. ರಾಯರ ಮಹಡಿಗೆ ಹೋಗಿ ಅಳೆದು ನೋಡಿದೆ. ಆ ಜಾಗದಲ್ಲಿ ಕಂಬವಿಲ್ಲ, ಗೂಟಕ್ಕೆ ನೇತುಹಾಕಿದ ಅಂಗಿಯಿಲ್ಲ, ಕ್ಯಾಲೆಂಡರ್ ಕೂಡ ಇಲ್ಲ. ಒಂದು ಚಿತ್ರದ ಮೇಲೆ ಇನ್ನೊಂದು ಬೀಳುವುದು ಹಳೆಯ ರೀಲಿನ ಕಾಲಕ್ಕಾಯಿತು, ಇದರಲ್ಲಿ ಆ ಮಾತೇ ಇಲ್ಲ. ರಾಯರ ಹೆಂಡತಿಯನ್ನು ಕೇಳಿದರೆ, "ಯಾರೂ ಬರ್ಲಿಲ್ಲ. ನಿಮ್ಮ ಮನೆಯವ್ರು ಮಾತ್ರ ಒಂದು ಗಳಿಗೆ ಉಸಿರು ಹಿಡ್ದ ಹಾಗೆ ಇದ್ರು" ಎಂದರು. ಖುಲ್ತಾಬಾದ್‌ನ ಕೈಯನ್ನು ಒಂದು ನಿಮಿಷದಲ್ಲಿ ಬಿಡಿಸಿದವನಿಗೆ ಇದು ಎರಡು ವರ್ಷವಾದರೂ ಬಿಡಿಸಲಾಗಿಲ್ಲ.

ಕಳೆದ ವರ್ಷ ನನಗೆ ನಾಸಿಕಕ್ಕೇ ಮರಳಿ ವರ್ಗವಾಯಿತು. ಮನೆಯಲ್ಲಿ ಎಲ್ಲ ಸರಿಯಾಗಿಯೇ ಇದೆ. ನಾನು ಅವಳೊಂದಿಗೆ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತೇನೆ, ಮಾತಾಡುತ್ತೇನೆ. ಅವನಿಗಿಂತ ನಾನೇನು ಕಡಿಮೆ ಎಂಬ ಹಟವೂ ಅದರಲ್ಲಿದೆ ಎಂದು ಇಲ್ಲಿ ಹೇಳಿಬಿಡುತ್ತೇನೆ. ಮೊನ್ನೆ ಒಂದು ಬುಧವಾರ ರಜೆ ಹಾಕಿ, ರಾಯರಿಂದ ಅದೇ ಕೋಣೆ, ಅದೇ ಲೆನ್ಸು ಕೇಳಿ ಪಡೆದು, ಮೂರು ಗಂಟೆಗೆ ಅವಳನ್ನು ಅದೇ ಕಿಟಕಿಯ ಬೆಳಕಿಗೆ ಕೂರಿಸಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ರಿಮೋಟು ಹಿಡಿದುಕೊಂಡು, ಅವನು ನಿಂತಿದ್ದ ಜಾಗವನ್ನು ಲೆಕ್ಕಹಾಕಿ, ಅಲ್ಲಿಯೇ ಹೋಗಿ ನಿಂತು ಅವಳನ್ನು ನೋಡಿದೆ. ಎಷ್ಟು ಹೊತ್ತು ಬೇಕಾದರೂ ನಿಲ್ಲುವ ಸಿದ್ಧತೆಯಿತ್ತು. ಅವಳೂ ನನ್ನನ್ನು ನೋಡಿದಳು. ಪ್ರೀತಿಯಿಂದಲೇ ನೋಡಿದಳು, ಸುಳ್ಳು ಹೇಳಬಾರದು.

ಆಮೇಲೆ, "ಒಂಚೂರು ಬಾಜೂಕ ಸರೀರಿ" ಎಂದಳು.

ಬೆಳಕಿಗೆ ಅಡ್ಡವಾಗುತ್ತಿದೆಯೇ ಎಂದು ಕೇಳಿದೆ. ಕಿಟಕಿಯಿದ್ದದ್ದು ಆ ಕಡೆ, ನಾನು ನಿಂತದ್ದು ಈ ಕಡೆ, ಅಡ್ಡವಾಗುವುದು ಸಾಧ್ಯವಿರಲಿಲ್ಲ. ನಾನು ಸರಿದೆ. ಅವಳ ದೃಷ್ಟಿ ನನ್ನ ಜೊತೆಗೆ ಬರಲಿಲ್ಲ, ಅಲ್ಲಿಯೇ ಉಳಿಯಿತು. ಆ ಮುಖ ಬಂತು. ಗುಂಡಿ ಒತ್ತಿದೆ.

ನಾನು ತೆಗೆದ ಚಿತ್ರಗಳಲ್ಲೆಲ್ಲ ಅದೇ ಒಳ್ಳೆಯದು ಎಂದು ಬೈಠಕ್ಕಿನಲ್ಲಿ ಎಲ್ಲರೂ ಹೇಳಿದರು. ಅದರ ಕಣ್ಣನ್ನು ನಾನು ಇದುವರೆಗೂ ಹಿಗ್ಗಿಸಿ ನೋಡಿಲ್ಲ. ಹೆದರಿಕೆ ಎಂದು ನೀವು ತಿಳಿಯಬಹುದು, ಅಲ್ಲ, ಹೊಟ್ಟೆಕಿಚ್ಚು. ಅವನು ನಾನೇ ಆಗಿದ್ದರೂ ಸರಿ, ಅಲ್ಲಿ ನಿಂತಿದ್ದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.