ಕುರ್ಚಿ ತೆಗೆದಿಡುವ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಮಧ್ಯಸ್ಥಿಕೆ ಕೇಂದ್ರದ ಎರಡನೇ ಮಹಡಿಯಲ್ಲಿ ಒಬ್ಬ ಹೆಂಗಸು ಸೆರಗು ಬಿಗಿದುಕಟ್ಟಿಕೊಂಡು ವಿಚಾರಣೆ ಕೋಣೆಯ ಕುರ್ಚಿಗಳನ್ನು ಹೊರಗೆ ಸಾಗಿಸುತ್ತಿದ್ದಾರೆ. ಬೇರೆ ಕಡೆ ಬೆಳಗಾದರೆ ಕುರ್ಚಿ ಹಾಕುತ್ತಾರೆ, ಇವರು ತೆಗೆಯುತ್ತಾರೆ. ಉದ್ದ ಮೇಜಿನ ಆಚೆ ಎರಡು, ಈಚೆ ಎರಡು, ತಲೆಭಾಗದಲ್ಲಿ ಒಂದು, ಬಾಗಿಲ ಪಕ್ಕ ಇನ್ನೊಂದು. ಉಳಿದದ್ದೆಲ್ಲ ಪಕ್ಕದ ಉಗ್ರಾಣಕ್ಕೆ. ಉಗ್ರಾಣಕ್ಕೆ ಬೀಗ, ಬೀಗದ ಕೈ ಇವರ ಸೊಂಟಕ್ಕೆ.

ಎಲ್ಲರ ಬಾಯಲ್ಲೂ ಇವರು ಕುರ್ಚಿಯಕ್ಕ. ವಕೀಲರು ಹಾಗೆ ಕರೆಯುವಾಗ ದನಿಯಲ್ಲಿ ಸ್ವಲ್ಪ ಮುನಿಸೂ ಇರುತ್ತದೆ. ಕೋರ್ಟಿನ ಮೆಟ್ಟಿಲು ಹತ್ತದೆ, ಇಬ್ಬರೂ ಒಪ್ಪಿದ ಒಬ್ಬರ ಮುಂದೆ ಜಗಳ ಬಗೆಹರಿಸಿಕೊಳ್ಳೋಣ ಎಂದು ಜನ ಇಲ್ಲಿಗೆ ಬರುತ್ತಾರೆ. ಬೇಗ ಮುಗಿಯುತ್ತದೆ, ಕಡಿಮೆ ಖರ್ಚು ಎಂಬ ಆಸೆ. ಆಮೇಲೆ ನೋಡಿದರೆ ದೊಡ್ಡ ವಕೀಲರು, ಅವರ ಕೈಕೆಳಗಿನವರು, ಆ ಕೈಕೆಳಗಿನವರ ಚೀಲ ಹೊರುವವರು ಸೇರಿ ಅರ್ಧ ದಿಬ್ಬಣವೇ ನೆರೆದಿರುತ್ತದೆ.

"ಕುರ್ಚಿ ಇದ್ರೆ ಜನ ಬರ್ತಾರೆ. ಬಂದೋರು ಕೂತ್ಕೋತಾರೆ. ಕೂತೋರಿಗೆಲ್ಲ ಗಂಟೆ ಲೆಕ್ಕದಲ್ಲಿ ಫೀಸು," ಎನ್ನುತ್ತಾ ಅಕ್ಕ ಮೇಜು ಒರೆಸುತ್ತಾರೆ. "ಕೊಡೋನು ಎಲ್ಲಿರ್ತಾನೆ ಗೊತ್ತಾ? ಹಿಂದೆ ಗೋಡೆಗೆ ಒರಗಿ ಕೂತಿರ್ತಾನೆ, ಪಾಪ. ಅವನ ಜಗಳದಲ್ಲಿ ಅವನಿಗೇ ಜಾಗ ಇಲ್ಲ."

ಇದು ಅವರು ಎಲ್ಲೋ ಓದಿ ಕಲಿತದ್ದಲ್ಲ. ಅವರ ಅಣ್ಣನಿಗೂ ಅವನ ಪಾಲುದಾರನಿಗೂ ಮರದ ಅಂಗಡಿಯ ವಿಷಯದಲ್ಲಿ ಮನಸ್ತಾಪ ಬಂದು, ಇಂಥದ್ದೇ ಒಂದು ಕೋಣೆಯಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. ಅಣ್ಣ ಗೆದ್ದ. ಗೆದ್ದ ಮೇಲೆ ಫೀಸು ತೀರಿಸಲು ಅಂಗಡಿಯನ್ನೇ ಮಾರಿದ. "ತೀರ್ಪಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಾನೆ. ಅತ್ತಿಗೆ ಆ ಗೋಡೆ ಕಡೆ ತಿರುಗಿಯೂ ನೋಡಲ್ಲ," ಎನ್ನುತ್ತಾ ಅಕ್ಕ ಒರೆಸುವ ಬಟ್ಟೆ ಹಿಂಡುತ್ತಾರೆ.

ಕಸ ಗುಡಿಸಲು ಸೇರಿದ ಅಕ್ಕ ಈಗ ಕೋಣೆಗಳ ಉಸ್ತುವಾರಿ. ತೀರ್ಪು ಕೊಡುವ ನಿವೃತ್ತ ನ್ಯಾಯಾಧೀಶೆ ಮೇಡಂ ಒಪ್ಪಿದ್ದರಿಂದ ಕುರ್ಚಿಯ ಪದ್ಧತಿ ನಡೆದುಕೊಂಡು ಬಂದಿದೆ. ಒಮ್ಮೆ ಮಾತ್ರ ಎಡವಟ್ಟಾಯಿತು. ಸಾಕ್ಷಿ ಹೇಳಲು ಬಂದ ವಯಸ್ಸಾದವರೊಬ್ಬರು ಕುರ್ಚಿ ಕಾಣದೆ, ಕೇಳಲು ಸಂಕೋಚಪಟ್ಟು, ನಿಂತೇ ಇದ್ದು ಕುಸಿದುಬಿಟ್ಟರು. ಅವತ್ತು ಅಕ್ಕನಿಗೆ ಊಟ ಸೇರಲಿಲ್ಲ. ಅಂದಿನಿಂದ ಬಾಗಿಲ ಪಕ್ಕದಲ್ಲಿ ಯಾರ ಪಾಲಿಗೂ ಸೇರದ ಒಂದು ಕುರ್ಚಿ ಇರುತ್ತದೆ.

ಇವತ್ತು ಬೇಕರಿಯ ವಿಚಾರಣೆ. ಭಾವ ದುಡ್ಡು ಹಾಕಿದ, ಮೈದುನ ಬ್ರೆಡ್ಡು ಬೇಯಿಸಿದ, ಅಂಗಡಿ ಚೆನ್ನಾಗಿಯೇ ನಡೆಯಿತು. ಈಗ ಪಾಲಿನ ಜಗಳ, ಒಲೆ ಆರಿದೆ. ಒಲೆಗೂ ಅಂಗಡಿಗೂ ಬೆಲೆ ಕಟ್ಟಲು ಎರಡೂ ಕಡೆಯವರು ತಮ್ಮತಮ್ಮ ತಜ್ಞರನ್ನೇ ಕರೆಸುವ ಹಟದಲ್ಲಿದ್ದಾರೆ. ಹಾಗಾದರೆ ಎರಡು ವರದಿ, ಎರಡಕ್ಕೂ ಪಾಟೀಸವಾಲು, ಮತ್ತಷ್ಟು ದಿನ. ಅಷ್ಟು ಖರ್ಚಿಗೆ ಬೇಕರಿ ಮಾರದೆ ಬೇರೆ ದಾರಿಯಿಲ್ಲ. ಅಣ್ಣನ ಅಂಗಡಿಯ ಹಾಗೇ ಇದೂ ಹೋಗುತ್ತದೆಂದು ಅಕ್ಕನಿಗೆ ಒಳಗೊಳಗೇ ಸಂಕಟ.

ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತದೆ. ಕಪ್ಪು ಕೋಟುಗಳು ಕುರ್ಚಿಗಳನ್ನು ಎಣಿಸಿ ಮುಖ ಮುಖ ನೋಡಿಕೊಳ್ಳುತ್ತವೆ. "ಇನ್ನೆರಡು ಹಾಕಿ ಅಕ್ಕಾ," ಎನ್ನುತ್ತಾನೆ ಒಬ್ಬ ಕಿರಿಯ ವಕೀಲ.

"ಇರೋ ಎರಡೇ ಸಾಕು. ಒಂದು ನಿಮ್ಮ ಸಾಹೇಬ್ರಿಗೆ, ಒಂದು ಕೇಸಿನ ಯಜಮಾನ್ರಿಗೆ. ನೀವು ಕೆಳಗೆ ಕ್ಯಾಂಟೀನಲ್ಲಿ ಆರಾಮಾಗಿ ಕೂತ್ಕೊಳಿ, ಬೇಕಾದ್ರೆ ಕರೀತೀನಿ."

ಮೇಡಂ ನಗು ತಡೆದುಕೊಂಡು ಕಡತ ತೆರೆಯುತ್ತಾರೆ. ಇಷ್ಟು ದಿನ ವಕೀಲರ ಕಚೇರಿಗಳಲ್ಲಿ ಕೋಟುಗಳ ಹಿಂದೆ ಮರೆಯಾಗಿದ್ದ ಭಾವ ಮೈದುನರು ಇಂದು ಮೇಜಿನ ಎರಡು ಬದಿಯಲ್ಲಿ ಎದುರುಬದುರು. ಕೊನೆಯಲ್ಲಿ ಬರುವಾಕೆ ಒಬ್ಬನ ಹೆಂಡತಿ, ಇನ್ನೊಬ್ಬನ ಅಕ್ಕ. ಯಾವ ಕಡೆ ನಿಲ್ಲುವುದೆಂದು ತಿಳಿಯದೆ ತಡವರಿಸುತ್ತಾರೆ. ಕುರ್ಚಿಯಕ್ಕ ಅವರ ಕೈಹಿಡಿದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತಾರೆ.

ತಜ್ಞರ ಮಾತು ಬರುತ್ತದೆ. ಮೈದುನ ಬಾಗಿಲ ಪಕ್ಕ ಕೂತ ತನ್ನಕ್ಕನ ಕಡೆ ನೋಡುತ್ತಾನೆ, ಆಮೇಲೆ ಭಾವನ ಕಡೆ.

"ಒಲೆ ಇರೋದು ಒಂದೇ ಅಲ್ವಾ ಭಾವಾ? ನೋಡೋಕೆ ಇಬ್ರು ಯಾಕೆ? ಒಲೆ, ಅಂಗಡಿ ಎರಡನ್ನೂ ಕಟ್ಟಿದ ಮೇಸ್ತ್ರೀನೇ ಕರೆಸೋಣ. ಅವರು ಹೇಳಿದ್ದಕ್ಕೆ ನಾನು ಎದುರು ಮಾತಾಡಲ್ಲ."

ಭಾವನ ವಕೀಲರು ಏನೋ ಹೇಳಲು ಬಾಗುತ್ತಾರೆ. ಭಾವ ಕೈ ಅಡ್ಡ ಹಿಡಿಯುತ್ತಾನೆ. "ಆಗ್ಲಿ. ಆ ಮನುಷ್ಯ ಸುಳ್ಳು ಹೇಳಲ್ಲ."

ಮೇಡಂ ತಡಮಾಡದೆ ಬರೆಸುತ್ತಾರೆ: ಒಬ್ಬರೇ ತಜ್ಞರು, ಸಂಜೆಯೇ ಪರಿಶೀಲನೆ, ಇನ್ನೊಂದೇ ಬೈಠಕ್ಕು, ಅದೇ ಕೊನೆ. ಬಾಗಿಲ ಪಕ್ಕದ ಹೆಂಗಸು ಮುಖ ಮುಚ್ಚಿಕೊಂಡು ಅಳುತ್ತಾರೆ. ಕುರ್ಚಿಯಕ್ಕ ನೀರಿನ ಲೋಟ ಹಿಡಿದು ನಿಲ್ಲುತ್ತಾರೆ. ಪಾಲು ಯಾರಿಗೆ ಎಷ್ಟು ಎಂಬುದು ಇನ್ನೂ ತೀರ್ಮಾನವಾಗಬೇಕು. ಆದರೆ ಹಂಚಿಕೊಳ್ಳಲು ಬೇಕರಿ ಉಳಿದಿರುತ್ತದೆ.

ಈ ಬರಹಕ್ಕಾಗಿ ಬೆಳಗಿನಿಂದ ಜೊತೆಗಿದ್ದ ನಾವು ಎಲ್ಲರೂ ಹೋದ ಮೇಲೆ ಅಕ್ಕನನ್ನು ಕೇಳಿದೆವು: ನಿಮ್ಮ ಹೆಸರು ತೀರ್ಪಿನಲ್ಲಿ ಎಲ್ಲೂ ಬರುವುದಿಲ್ಲವಲ್ಲ, ಬೇಸರವಿಲ್ಲವೇ?

"ನಾನೇನು ಮಾಡ್ದೆ? ಕುರ್ಚಿ ತೆಗ್ದೆ, ಅಷ್ಟೇ." ಅಕ್ಕ ಉಗ್ರಾಣದ ಬೀಗ ಎಳೆದು ನೋಡುತ್ತಾರೆ. "ನಾನು ಬರೋ ದಾರೀಲೇ ಇದೆ ಆ ಬೇಕರಿ. ಬೆಳಿಗ್ಗೆ ಅಲ್ಲಿ ದಾಟುವಾಗ ಬ್ರೆಡ್ಡಿನ ವಾಸನೆ ಬರ್ಬೇಕು, ಅದೊಂದು ಆಸೆ. ಬಿಟ್ಟಿ ಕೊಟ್ರೆ ಮುಟ್ಟಲ್ಲ, ದುಡ್ಡು ಕೊಟ್ಟೇ ತಗೋತೀನಿ. ಗಲ್ಲಾದ ಕುರ್ಚೀಲಿ ಅವರಿಬ್ರಲ್ಲಿ ಯಾರು ಕೂತಿದ್ರೂ ಸರಿ."